ಹೈಬ್ರಿಡ್ ಹತ್ತಿ ಬೀಜ ಇಟ್ಟು ಬಿತ್ತಿದ್ರ ಬೆಳಿ ಯಾಕ ಒಂದೇ ಸಮ ಬರಂಗಿಲ್ಲ?

ಪ್ರಶ್ನೆ: ಹಾವೇರಿಯಾಗ ಬಿಎಸ್ಸಿ ಮೊದಲ್ನೇ ವರ್ಷ ಓದಾಕತ್ತೀನ್ರಿ, ಹೊಲ ಸವಣೂರು ಕಡೆ. ಹೋದ ವರ್ಷ ಹೈಬ್ರಿಡ್ ಹತ್ತಿ ಭಾಳ ಚಲೋ ಬಂದಿತ್ತು, ಅದಕ್ಕ ಅಪ್ಪ ಅದರದ ಬೀಜ ತಗದಿಟ್ಟು ಈ ಸಲ ಒಂದು ಎಕರೆ ಬಿತ್ತಿದ್ರು. ಈಗ ನೋಡಿದ್ರ ಒಂದು ಗಿಡ ಎದಿಮಟ, ಬಾಜೂದು ಮೊಣಕಾಲಮಟ, ಕಾಯಿನೂ ಒಂದು ಸಣ್ಣು ಒಂದು ದೊಡ್ಡು. ಬೀಜದಂಗಡಿಯವ್ರು ಮೋಸ ಮಾಡ್ಯಾರ ಅಂತಾರ ಅಪ್ಪ. ನಮ್ಮ ಸರ್ ಕೇಳಿದ್ರ ಮಿಯಾಸಿಸ್ ಓದು ತಿಳೀತೈತಿ ಅಂದ್ರು, ಓದಿದೆ, ಕೋಶ ಒಡಿಯೋ ಈ ಎರಡು ರೀತಿ, ಮೈಟಾಸಿಸ್ಸು ಮಿಯಾಸಿಸ್ಸು, ಎರಡೂ ಕಲಸಿ ಹೋಗ್ಯಾವ. ಬಿಡಿಸಿ ಹೇಳ್ರಿ.

ಉತ್ತರ: ಮೊದಲು ಅಪ್ಪಗ ಹೇಳು, ಅಂಗಡಿಯವಂದು ಏನೂ ತಪ್ಪಿಲ್ಲ. ಅವ ಕೊಟ್ಟ ಬೀಜ ಹೋದ ವರ್ಷ ಚಲೋನ ಬಂದೈತಲ್ಲ. ಆಟ ನಡದದ್ದು ನಿಮ್ಮ ಹೊಲದಾಗ, ಹೋದ ವರ್ಷದ ಹೂವಿನೊಳಗ.

ಧಾರವಾಡದ ಆಪೂಸ್ ಮಾವಿನ ಗಿಡ ಯಾರಾದ್ರೂ ಗೊರಟೆ ಹಾಕಿ ಬೆಳಸ್ತಾರೇನು? ಇಲ್ಲ, ಕಸಿ ಗಿಡಾನ ತರ್ತಾರ, ಯಾಕಂದ್ರ ಗೊರಟೆಯಿಂದ ಬಂದ ಗಿಡ ತಾಯಿ ಗಿಡದಂಥಾದ್ದೇ ಹಣ್ಣು ಕೊಡತೈತಿ ಅನ್ನೋ ಗ್ಯಾರಂಟಿ ಇಲ್ಲ, ಕಸಿಯೊಳಗ ಬೆಳಿಯೋದು ತಾಯಿ ಗಿಡದ್ದ ಟೊಂಗಿ. ಟೊಂಗಿ ಬೆಳಿಯೋದು ಮೈಟಾಸಿಸ್‌ನಿಂದ, ಗೊರಟೆ ಹುಟ್ಟೋಕಿಂತ ಮುಂಚೆ ಮಿಯಾಸಿಸ್ ಆಗಿರತೈತಿ. ಇಷ್ಟು ತಲ್ಯಾಗ ಇಟ್ಕೊಂಡು ಮುಂದ ಓದು.

ಈಗಿನ ಹೈಬ್ರಿಡ್ ಹತ್ತಿ ಗಿಡದ ಒಂದೊಂದು ಕೋಶದಾಗೂ 52 ಕ್ರೋಮೋಸೋಮ್ (ಗುಣ ಹೊತ್ತ ಡಿಎನ್ಎ ಎಳಿ), ತಾಯಿ ಕಡೆದು 26, ತಂದೆ ಕಡೆದು 26, ಅಂದ್ರ 26 ಜೋಡಿ. ಎಲಿ, ಕಾಂಡ, ಬೇರು ಬೆಳಿಯುವಾಗ ಕೋಶ ತನ್ನ ಡಿಎನ್ಎ ಒಂದ್ಸಲ ನಕಲು ಮಾಡ್ಕೊಂಡು ಒಂದ್ಸಲ ಒಡೀತೈತಿ, ಎರಡು ಮರಿಕೋಶಕ್ಕೂ 52 ಸಿಗ್ತಾವ. ಇದ ಮೈಟಾಸಿಸ್, ಪಕ್ಕಾ ಜೆರಾಕ್ಸ್. ಲ್ಯಾಬಿನಾಗ ಉಳ್ಳಾಗಡ್ಡಿ ಬೇರಿನ ತುದಿ ನೋಡ್ತೀರಲ್ಲ, ಅದ.

ಮಿಯಾಸಿಸ್ ನಡಿಯೋದು ಹೂವಿನಾಗ ಪರಾಗ ಮತ್ತ ಅಂಡ ತಯಾರಾಗೋ ಜಾಗಾದಾಗ ಅಷ್ಟ. ಇಲ್ಲಿ ನಕಲು ಒಂದ್ಸಲ, ಒಡಿಯೋದು ಎರಡ್ಸಲ, ಅದಕ್ಕ ಲೆಕ್ಕ ಅರ್ಧ ಆಗಿ 26ಕ್ಕ ಬರತೈತಿ. ಪ್ರೊಫೇಸ್ ಮೆಟಾಫೇಸ್ ಅಂತ ಹಂತಗಳ ಹೆಸರು ಬಾಯಿಪಾಠ ಮಾಡೋದರಾಗ ಹುಡುಗರು ಈ ಒಂದು ಮಾತು ಬಿಟ್ಟಬಿಡ್ತಾರ, ಪರೀಕ್ಷಾದಾಗ ಮಾರ್ಕ್ಸ್ ಹೋಗೋದು ಇಲ್ಲೇ. ಇನ್ನ ಮೊದಲ್ನೇ ಸಲ ಒಡಿಯೋಕಿಂತ ಮುಂಚೆ ತಾಯಿ ಕಡೆ ಕ್ರೋಮೋಸೋಮು ತಂದೆ ಕಡೆದೂ ಬಾಜೂ ಬಾಜೂ ಬಂದು ತುಣುಕು ಅದಲು ಬದಲು ಮಾಡ್ಕೊಂತಾವ, ನಮ್ಮ ಕಡೆ ಅವ್ವ ಆಯಿ ಇಬ್ಬರ ಹಳೇ ಸೀರಿ ಹರದು ಕೌದಿ ಹೊಲದಂಗ. ಆಮ್ಯಾಲ ಜೋಡಿಯೊಳಗ ಯಾವುದು ಯಾವ ಕಡೆ ಹೋಗಬೇಕು ಅನ್ನೋದು ನಸೀಬು, ಒಂದೊಂದು ಜೋಡಿಗೂ ಎರಡು ದಾರಿ. ಹಿಂಗ 26 ಜೋಡಿಗೆ ಎರಡನ್ನ ಎರಡರಿಂದ ಗುಣಿಸಿಕೋಂತ ಹೋದ್ರ 6,71,08,864 ತರಾ ಆಗ್ತಾವ, ಕೌದಿ ಲೆಕ್ಕಾ ಬಿಟ್ಟು!

ಹಂಗಾರ ಹೋದ ವರ್ಷ ಎಲ್ಲಾ ಗಿಡ ಹೆಂಗ ಒಂದೇ ಸಮ ಬಂದ್ವು? ರಾಣೆಬೆನ್ನೂರು ಕಡೆ ಬೀಜದ ಹೊಲದಾಗ ಕ್ರಾಸಿಂಗ್ ಕೆಲಸ ನೋಡೀಯಲ್ಲ, ಸಂಜೀಕ ಹೂವಿನ ಗಂಡು ಭಾಗ ಕಿತ್ತು ಹಾಕಿ ಮರುದಿನ ಮುಂಜಾನೆ ಬ್ಯಾರೆ ತಳಿ ಪರಾಗ ಹಚ್ಚತಾರ. ಆ ಎರಡೂ ತಳಿ ಎಷ್ಟೋ ತಲಿಮಾರು ಶುದ್ಧ ಮಾಡಿಟ್ಟವು, ಅವುಗಳ ಜೋಡಿಯೊಳಗ ಎರಡೂ ಹೆಚ್ಚುಕಡಿಮಿ ಒಂದೇ ತರಾ. ಒಂದೇ ಬಣ್ಣದ ಎರಡು ಸೀರಿ ಹರದು ಹೊಲದ್ರೂ ಕೌದಿ ಬಣ್ಣ ಬದಲಾಗಂಗಿಲ್ಲಲ್ಲ, ಹಂಗ. ಅದಕ್ಕ ಪ್ಯಾಕೆಟ್ಟಿನ ಬೀಜ ಎಲ್ಲಾ ಒಂದೇ ಸಮ. ಆದ್ರ ಆ ಬೀಜದಿಂದ ಬಂದ ಗಿಡದಾಗ ಜೋಡಿ ಎರಡೂ ಬ್ಯಾರೆ ಬ್ಯಾರೆ, ಅದು ಹೂ ಬಿಟ್ಟಾಗ ಮಿಯಾಸಿಸ್ ನಡದು ಒಂದೊಂದು ಪರಾಗ ಒಂದೊಂದು ತರಾ ಆತು. ಅಪ್ಪ ತಗದಿಟ್ಟದ್ದು ಆ ಬೀಜ.

ಮೆಂಡೆಲ್ ಬಟಾಣಿಯಾಗ ಇದನ್ನ ಕಂಡು 1866ರಾಗ ಅಚ್ಚು ಹಾಕಿಸಿದ. ಎತ್ತರದ್ದು ಗಿಡ್ಡಂದು ಕೂಡಿಸಿದ್ರ ಮೊದಲ್ನೇ ತಲಿಮಾರು ಎಲ್ಲಾ ಎತ್ತರ, ಅವನ್ನ ತಾವ ತಾವ ಬೀಜ ಕಟ್ಟಾಕ ಬಿಟ್ರ 787 ಎತ್ತರ, 277 ಗಿಡ್ಡ. ನಿಮ್ಮ ಹೊಲದಾಗ ಹಿಂಗ ಮೂರಕ್ಕೊಂದು ಲೆಕ್ಕಾ ಎಣಿಸಾಕ ಹೋಗಬ್ಯಾಡ, ಹತ್ತಿ ಎತ್ತರ, ಕಾಯಿ ಗಾತ್ರ, ಇಳುವರಿ ಎಲ್ಲಾ ಭಾಳ ಜೀನ್ (ಗುಣ ನಿರ್ಧರಿಸೋ ಡಿಎನ್ಎ ತುಣುಕು) ಕೂಡಿ ಆಗೋವು, ಅದಕ್ಕ ಎದಿಮಟ ಮೊಣಕಾಲಮಟ ನಡುವಿಂದು ಎಲ್ಲಾ ಸಿಗ್ತಾವ. ಕಾಯಿಕೊರಕ ಹುಳಾ ತಡಿಯೋ ಬಿಟಿ ಜೀನ್ ಇದ್ದು ಅದು ಒಂದು ಕಡೆಯಿಂದ ಅಷ್ಟ ಬಂದಿದ್ರ ಮಾತ್ರ ಮೆಂಡೆಲ್ ಲೆಕ್ಕಾನ, ನಾಲ್ಕು ಗಿಡಕ್ಕ ಸುಮಾರು ಒಂದರಾಗ ಆ ಜೀನ್ ಇರಂಗಿಲ್ಲ, ಕಾಯಿಕೊರಕಕ್ಕ ಹಬ್ಬ. ಇನ್ನ ಹತ್ತಿ ತಳಿ ವಿಜ್ಞಾನಿ ಬಿ.ಎಚ್. ಕಟರಕಿ ಅವ್ರು 1972ರಾಗ ನಮ್ಮ ಧಾರವಾಡದಾಗ ಕೊಟ್ಟ ವರಲಕ್ಷ್ಮಿ ಹೈಬ್ರಿಡ್ ಅಂತೂ ಎರಡು ಬ್ಯಾರೆ ಜಾತಿ ಹತ್ತಿ ಕೂಡಿಸಿದ್ದು, ಅಂಥಾದ್ದರ ಬೀಜ ಇಟ್ರ ಇನ್ನೂ ಚೆಲ್ಲಾಪಿಲ್ಲಿ.

ಬೀಜ ಮನ್ಯಾಗ ಇಡಬೇಕು ಅಂತಿದ್ರ ಹೈಬ್ರಿಡ್ ಬಿಟ್ಟು ಜಯಧರದಂಥಾ ಶುದ್ಧ ತಳಿ ಬಿತ್ರಿ, ಬ್ಯಾರೆ ಹತ್ತಿ ಹೊಲದಿಂದ ದೂರ ಇರಲಿ, ಯಾಕಂದ್ರ ಜೇನುಹುಳ ಪರಾಗ ತರತಾವ. ಬ್ಯಾಡಗಿ ಮೆಣಸಿನಕಾಯಿ ಬೀಜಾ ಇಡೋರಿಗೂ ಇದ ಮಾತು.