ಓದಿ ಹೇಳಿ, ಮೇಷ್ಟ್ರೇ

ಬೇಲೂರು ಕಡೆಯ ಶಾಲಾ ಮೇಷ್ಟ್ರೊಬ್ಬರ ಪತ್ರ: “ನಿಮ್ಮ ಮಕ್ಕಳ ಪುಟದಲ್ಲಿ ಮೂರು ತಿಂಗಳಿಂದ ಹಡಗು, ನಿಧಿ, ಕಡಲ್ಗಳ್ಳರ ಹಳೇ ಕಥೆಗಳೇ. ಜೊತೆಗೆ ಉದ್ದುದ್ದ ಪದ್ಯ ಬೇರೆ. ಸಮುದ್ರವನ್ನೇ ನೋಡದ ನಮ್ಮ ಮಕ್ಕಳಿಗೆ ಪರದೇಶದ ಈ ಹಳೇ ಸರಕು ಯಾಕೆ? ಕೈಗೆ ಕೊಟ್ಟರೆ ಎರಡು ಪ್ಯಾರಾ ಓದಿ ಮಡಚಿಡುತ್ತಾರೆ.”

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಕೊನೆಯ ಮಾತಿಗೆ ಬಂದು ನಿಂತೆ. ಕೈಗೆ ಕೊಟ್ಟಿರಿ, ಸರಿ. ಓದಿ ಹೇಳಿದಿರಾ?

ಯಾಕೆ ಕೇಳುತ್ತೇನೆಂದರೆ, ನೀವು ಹೇಳುವ ಕಡಲ್ಗಳ್ಳರ ಕಥೆ ‘ಟ್ರೆಷರ್ ಐಲ್ಯಾಂಡ್’ ಹುಟ್ಟಿದ್ದೇ ಹಾಗೆ. 1881ರಲ್ಲಿ ಅದನ್ನು ಬರೆದ ಸ್ಟೀವನ್ಸನ್ ಮನೆಮಂದಿ ಜೊತೆ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಲ್ಲಿದ್ದರು. ಹೆಸರಿಗೆ ಬೇಸಿಗೆ. ಹೊರಗೆ ನಮ್ಮ ಆಷಾಢದ ಹಾಗೆ ಮಳೆ, ಚಳಿ. ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್ ಬಣ್ಣದ ಡಬ್ಬಿ ಹಿಡಿದು ಕೂತಿದ್ದ. ಇವರೂ ಅವನ ಜೊತೆ ಸೇರಿ ಒಂದು ದ್ವೀಪದ ನಕ್ಷೆ ಬರೆದರು. ನಕ್ಷೆ ನೋಡುತ್ತಾ ನೋಡುತ್ತಾ ಕಥೆ ಎದ್ದು ಬಂತು. ದಿನಕ್ಕೊಂದು ಅಧ್ಯಾಯ ಬರೆಯುವುದು, ಮನೆಯವರಿಗೆ ಓದಿ ಹೇಳುವುದು. ಹದಿನೈದು ದಿನ, ಹದಿನೈದು ಅಧ್ಯಾಯ. ಸ್ಟೀವನ್ಸನ್ ಅವರ ಅಪ್ಪ ಲೈಟ್‌ಹೌಸ್ ಕಟ್ಟುವ ಎಂಜಿನಿಯರು. ಅವರೂ ಹುಡುಗನಷ್ಟೇ ಆಸೆಯಿಂದ ಕೇಳುತ್ತಿದ್ದರಂತೆ. ಕಥೆಯಲ್ಲಿ ಬರುವ ಸತ್ತ ನಾವಿಕನ ಪೆಟ್ಟಿಗೆಯಲ್ಲಿ ಏನೇನಿತ್ತು ಅನ್ನುವ ಪಟ್ಟಿಯನ್ನು ಆ ಅಪ್ಪನೇ ಒಂದು ಲಕೋಟೆಯ ಹಿಂಬದಿಯಲ್ಲಿ ಬರೆದುಕೊಟ್ಟರು.

ಇಂಥ ಕಥೆಯನ್ನು ಒಂಬತ್ತು ವರ್ಷದ ಮಗುವಿನ ಕೈಗಿಟ್ಟು ಸುಮ್ನೆ ಓದಿಕೋ ಅಂದರೆ ಹೇಗೆ?

ನನಗೆ ಈ ಕಥೆ ಹೇಳಿದ್ದು ನನ್ನ ಸೋದರಮಾವ. ಸಕಲೇಶಪುರದ ಹತ್ತಿರದ ಮನೆ. ಮಳೆ ಹಿಡಿದರೆ ವಾರಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಬಚ್ಚಲ ಒಲೆ ಮುಂದೆ ಕಂಬಳಿ ಹೊದ್ದು, ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಾ ಕೂರುತ್ತಿದ್ದೆವು. ಮಾವ ಲಾಟೀನಿನ ಬೆಳಕಿಗೆ ಪುಸ್ತಕ ಹಿಡಿದು, ಇಂಗ್ಲಿಷಿನಲ್ಲಿ ಒಂದಷ್ಟು ಓದಿಕೊಂಡು ಕನ್ನಡದಲ್ಲಿ ಹೇಳೋರು. ಕಥೆಯ ಹುಡುಗ ಜಿಮ್ ಹಡಗಿನಲ್ಲಿ ಸೇಬಿನ ಪೀಪಾಯಿಯೊಳಗೆ ಕೂತಿದ್ದಾನೆ, ಹೊರಗೆ ಕಡಲ್ಗಳ್ಳ ಸಿಲ್ವರ್ ಸಂಚಿನ ಮಾತಾಡುತ್ತಿದ್ದಾನೆ. ಅಲ್ಲಿ ಮಾವ ದನಿ ತಗ್ಗಿಸಿದರು. ಅದೇ ಹೊತ್ತಿಗೆ ಕೆಂಡದಲ್ಲಿ ಒಂದು ಬೀಜ ಪಟ್ ಅಂತ ಸಿಡಿಯಿತು. ತಂಗಿ ಚೀರಿಕೊಂಡು ಹೋಗಿ ಅಮ್ಮನ ಸೆರಗು ಹಿಡಿದಳು. ಸಮುದ್ರ ನಾವೂ ನೋಡಿರಲಿಲ್ಲ ಮೇಷ್ಟ್ರೇ. ಮಾರನೇ ದಿನ ನಾನು ಖಾಲಿ ಭತ್ತದ ಕಣಜಕ್ಕೆ ಇಳಿದು, ಹೊರಗೆ ದೊಡ್ಡವರು ಆಡುವ ಮಾತನ್ನು ಉಸಿರು ಬಿಗಿಹಿಡಿದು ಕೇಳಿಸಿಕೊಂಡೆ.

ಇನ್ನು ಪದ್ಯ. ಇಂಗ್ಲಿಷ್ ಕವಿ ಬ್ರೌನಿಂಗ್ ಅವರ ‘ಪೈಡ್ ಪೈಪರ್’, ಕೊಳಲೂದಿ ಇಲಿಗಳನ್ನು ಸೆಳೆದೊಯ್ಯುವವನ ಪದ್ಯ, ಅಚ್ಚಾಗಿದ್ದು 1842ರಲ್ಲಿ. ಅದನ್ನೂ ಬರೆದದ್ದು ಮನೆಯೊಳಗೆ ಕೂತ ಒಬ್ಬ ಹುಡುಗನಿಗೇ. ಕಾಯಿಲೆಯಿಂದ ಮಲಗಿದ್ದ ಗೆಳೆಯನ ಮಗ ಅದಕ್ಕೆ ಚಿತ್ರ ಬಿಡಿಸಿಕೊಂಡು ಹೊತ್ತು ಕಳೆಯಲಿ ಅಂತ. ಆ ಪದ್ಯ ಕುವೆಂಪು ಕೈಗೆ ಬಂದಾಗ ಏನಾಯಿತು ನೋಡಿ. ಜರ್ಮನಿಯ ಹ್ಯಾಮೆಲಿನ್ ಬೊಮ್ಮನಹಳ್ಳಿಯಾಯಿತು, ವೇಸರ್ ನದಿ ತುಂಗೆಯಾಯಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿಗೆ ತುಂಗೆ ಬಿಟ್ಟು ಬೇರೆ ಯಾವ ಹೊಳೆ ನೆನಪಾಗಬೇಕು! ಈಗ ಕಿಂದರಿಜೋಗಿಯನ್ನು ಯಾರಾದರೂ ಪರದೇಶದವನು ಅಂತಾರಾ? ಆ ಪದ್ಯವನ್ನೂ ಮನಸ್ಸಿನಲ್ಲೇ ಓದಿಕೊಂಡರೆ ಅರ್ಧ ರುಚಿ ಹೋಯಿತು. ಇಲಿಗಳ ಹಿಂಡು ಬರುವಲ್ಲಿ ನಾಲಿಗೆಯೂ ಓಡಬೇಕು.

ನಮ್ಮ ಕಡೆಯ ಸಾಹಸವೂ ಇರಲಿ ಅಂದಿದ್ದರೆ ಖಂಡಿತ ಒಪ್ಪುತ್ತಿದ್ದೆ. ಬೇಟೆಗಾರ ಕೆನೆತ್ ಆಂಡರ್ಸನ್ ಬರೆದ ಕಥೆಗಳಲ್ಲಿ ಅರಸೀಕೆರೆ ಗುಡ್ಡದ ಕರಡಿಯೂ ಇದೆ. ಮೂಡಿಗೆರೆಯಲ್ಲಿ ಕೂತು ತೇಜಸ್ವಿಯವರು ಆಂಡರ್ಸನ್ನರ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದರು. ಆ ಕರಡಿ ಕಥೆಯ ಪರಿಚಯವನ್ನು ಮುಂದಿನ ತಿಂಗಳು ಕೊಡುತ್ತೇವೆ.

ಒಂದು ತಪ್ಪು ನಮ್ಮದೇ. ಜಾಗ ಉಳಿಸಲು ಅಕ್ಷರ ಸಣ್ಣ ಮಾಡಿದೆವು, ಕಥೆಯನ್ನು ಎಲ್ಲೆಂದರಲ್ಲಿ ಕತ್ತರಿಸಿದೆವು. ಗಟ್ಟಿಯಾಗಿ ಓದಿದರೆ ಹತ್ತು ನಿಮಿಷಕ್ಕೆ ಮುಗಿಯುವಷ್ಟನ್ನೇ ಇನ್ನು ಮುಂದೆ ಕೊಡುತ್ತೇವೆ, ದಪ್ಪ ಅಕ್ಷರದಲ್ಲಿ.

ನಿಮ್ಮಲ್ಲಿ ಒಂದು ಕೋರಿಕೆ. ಈ ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಪೀಪಾಯಿಯ ಕಂತನ್ನು ನೀವೇ ಓದಿ. ಸಿಲ್ವರ್ ಒಬ್ಬನನ್ನು ಕರೆದು ಸೇಬು ತರಲು ಹೇಳುತ್ತಾನಲ್ಲ, ಅಲ್ಲಿಗೆ ನಿಲ್ಲಿಸಿ ಬೆಲ್ ಹೊಡೆಸಿ. ಸೋಮವಾರ ಮಕ್ಕಳು ಏನು ಕೇಳಿದರು ಅಂತ ನನಗೆ ಬರೆಯಿರಿ.

— ಸಂಪಾದಕ, ಹಾಸನ