ಸಂಪಾದಕರ ಉತ್ತರ: ಅಮ್ಮನ ನಂತರ ಯಾರ ಹೆಸರು?

ಮೈಸೂರಿನ ಓದುಗರೊಬ್ಬರ ಪತ್ರ, ಹೆಸರು ಹಾಕಬೇಡಿ ಎಂದಿದ್ದಾರೆ. 2006ರಲ್ಲಿ ಕೇಂದ್ರ ಸರ್ಕಾರದ ನೌಕರಿಗೆ ಸೇರಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್‌ನಲ್ಲಿದ್ದವರು, ಖಾತ್ರಿ ಪಿಂಚಣಿ ಸಿಗುತ್ತದೆಂದು ಏಕೀಕೃತ ಪಿಂಚಣಿ ಯೋಜನೆ, ಅಂದರೆ ಯುಪಿಎಸ್‌ಗೆ ಬರೆದುಕೊಟ್ಟಿದ್ದಾರೆ. 19ರ ಮಗನಿಗೆ ಬುದ್ಧಿಮಾಂದ್ಯ, ಸರ್ಟಿಫಿಕೇಟಿನಲ್ಲಿ ಶೇ 75. ಅಂಗಿಯ ಗುಂಡಿ ಹಾಕಲು ಈಗಲೂ ಅವನಿಗೆ ಅಮ್ಮ ಬೇಕು. 'ನಾವಿಬ್ಬರೂ ಹೋದ ಮೇಲೆ ನನ್ನ ಪಿಂಚಣಿ ಅವನಿಗೆ ಬರುತ್ತದೆಯೇ?'

ಸ್ವಾಮಿ, ನಿವೃತ್ತಿಯ ನಂತರದ ಮಾತಾದರೆ, ಬರುವುದಿಲ್ಲ.

ಲೆಕ್ಕ ನೋಡಿ. 25 ವರ್ಷ ಸೇವೆ ತುಂಬಿದೆ, ಕೊನೆಯ 12 ತಿಂಗಳ ಮೂಲವೇತನದ ಸರಾಸರಿ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಯುಪಿಎಸ್‌ನಲ್ಲಿ ನಿಮಗೆ 30,000, ನಿಮ್ಮ ನಂತರ ಅದರ ಶೇ 60 ನಿಮ್ಮ ಮನೆಯವರಿಗೆ (ಹೆಂಡತಿಗೆ), ಅಂದರೆ 18,000. 2004ಕ್ಕೆ ಮುಂಚೆ ಸೇರಿದವರಿಗಿರುವ ಹಳೆ ಪದ್ಧತಿಯ ಕುಟುಂಬ ಪಿಂಚಣಿ ಮಾಮೂಲಿ ದರದಲ್ಲಿ ಮೂಲವೇತನದ ಶೇ 30. ಅದೂ 18,000! ಆದರೆ ಅಲ್ಲಿ ತಾಯಿಯ ನಂತರ, ದುಡಿದು ತಿನ್ನಲಾಗದ ಮಗನಿಗೆ ಬದುಕಿರುವವರೆಗೂ ಸಲ್ಲುತ್ತಿತ್ತು. ಉಳಿದ ಗಂಡುಮಕ್ಕಳಿಗೆ 25 ವರ್ಷಕ್ಕೆ ನಿಲ್ಲುವುದು ಇವನಿಗೆ ನಿಲ್ಲುತ್ತಿರಲಿಲ್ಲ. ಯುಪಿಎಸ್‌ನ ಕುಟುಂಬದಲ್ಲಿ ಗಂಡ ಹೆಂಡಿರಷ್ಟೇ ಇದ್ದಾರೆ. ನಿಯಮ ಬರೆದವರ ಮನೆಯಲ್ಲಿ ಇಂಥ ಮಗುವಿರಲಿಲ್ಲವೇನೋ.

ಎನ್‌ಪಿಎಸ್‌ನಲ್ಲಿ ತಿಂಗಳ ಮೊತ್ತಕ್ಕೆ ಖಾತ್ರಿಯಿಲ್ಲ, ನಿಜ. ಆದರೆ ಸಾಮಾನ್ಯ ಆಯ್ಕೆಯಲ್ಲಿ ನೀವು, ಮನೆಯವರು, ನಿಮ್ಮ ತಂದೆತಾಯಿ ಎಲ್ಲರ ನಂತರ ಆ್ಯನ್ಯುಟಿಗೆ (ತಿಂಗಳ ಪಿಂಚಣಿ ಕೊಡುವ ವಿಮಾ ಯೋಜನೆಗೆ) ಹಾಕಿದ ಗಂಟು ಮಕ್ಕಳ ಕೈಸೇರುತ್ತದೆ. ಯುಪಿಎಸ್‌ನಲ್ಲಿ ಆ ಗಂಟು ಸರ್ಕಾರದ ನಿಧಿಗೆ ಹೋಗುತ್ತದೆ. ನಿವೃತ್ತಿಗೆ ಒಂದು ವರ್ಷ ಮುಂಚಿನವರೆಗೂ ಒಂದು ಸಲ ಎನ್‌ಪಿಎಸ್‌ಗೆ ಮರಳಲು ಅವಕಾಶವಿದೆ. ಅವಸರ ಬೇಡ, ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

ಸೇವೆಯಲ್ಲಿರುವಾಗಲೇ ಏನಾದರೂ ಆದರೆ (ಕೆಟ್ಟ ಮಾತು, ಆಡಲೇಬೇಕು) ಹಳೆ ಪಿಂಚಣಿ ನಿಯಮದ ಸೌಲಭ್ಯ ಕೊಡಿ ಎಂದು ಮೊದಲೇ ಬರೆದುಕೊಡುವ ಆಯ್ಕೆ ಪತ್ರವಿದೆ. ಅದು ನಿಮ್ಮ ಸರ್ವಿಸ್ ರಿಜಿಸ್ಟರಿನಲ್ಲಿದೆಯೇ? ನಾಳೆಯೇ ತೆಗೆಸಿ ನೋಡಿ. ಅದಿದ್ದರೆ ಮಗನಿಗೂ ಹಕ್ಕು ಉಳಿಯುತ್ತದೆ.

ಕೇಂದ್ರದ ಅಂಗವಿಕಲ ಪಿಂಚಣಿಯನ್ನು ನಂಬಿಕೊಳ್ಳಬೇಡಿ. ಅದಕ್ಕೆ ಬಡತನ ರೇಖೆಯ ಕೆಳಗಿರಬೇಕು, ವೈಕಲ್ಯ ಶೇ 80 ಇರಬೇಕು. ಕೇಂದ್ರ ಕೊಡುವುದೋ ತಿಂಗಳಿಗೆ 300 ರೂಪಾಯಿ, 2012ರಿಂದ ಕದಲಿಲ್ಲ.

ಮಗನಿಗೆ 18 ದಾಟಿರುವುದರಿಂದ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕರ (ಗಾರ್ಡಿಯನ್) ನೇಮಕಕ್ಕೂ ಅರ್ಜಿ ಹಾಕಿ. ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿ ಅದನ್ನು ನೋಡುತ್ತದೆ.

ಅಂದಹಾಗೆ, ಸರ್ಟಿಫಿಕೇಟಿನ ಅಸಲು ಪ್ರತಿಯನ್ನೇ ಪತ್ರದ ಜೊತೆ ಕಳಿಸಿಬಿಟ್ಟಿದ್ದೀರಿ. ಇಂದೇ ಸ್ಪೀಡ್ ಪೋಸ್ಟಿಗೆ ಹಾಕಿದ್ದೇವೆ.