ನೋವೇ ಗೊತ್ತಾಗದ ಮಗನನ್ನು ಶಾಲೆಗೆ ಕಳಿಸಲೇ?

ಪ್ರಶ್ನೆ: ಮಗನಿಗೆ ಆರು ವರ್ಷ. ಹುಟ್ಟಿನಿಂದ ಅವನಿಗೆ ನೋವು ತಿಳಿಯುವುದಿಲ್ಲ, ಬೆವರೂ ಬರುವುದಿಲ್ಲ. ಜೀನ್ ಪರೀಕ್ಷೆಯಲ್ಲಿ ಇದು ಸಿಐಪಿಎ ಎಂಬ ಹುಟ್ಟುಕಾಯಿಲೆ ಎಂದು ಖಚಿತವಾಗಿದೆ. ಕಳೆದ ವರ್ಷ ಕಾಲಿನ ಮೂಳೆ ಮುರಿದಿದ್ದರೂ ನಾಲ್ಕು ದಿನ ಅದೇ ಕಾಲಲ್ಲಿ ಓಡಾಡಿದ, ನನಗೇ ಗೊತ್ತಾಗಲಿಲ್ಲ. ಆಮೇಲೆ ಶಾಲೆ ಬಿಡಿಸಿ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ‘ಕಳಿಸೋಣ, ಆದರೆ ಕಾಯಿಲೆಯ ವಿಷಯ ಬಾಯಿ ಬಿಡಬೇಡ, ಹೇಳಿದರೆ ಸೇರಿಸಿಕೊಳ್ಳುವುದಿಲ್ಲ’ ಎನ್ನುತ್ತಾರೆ ನನ್ನವರು. ಇದು ನನ್ನ ಕಡೆಯಿಂದ ಬಂದದ್ದು ಎನ್ನುತ್ತಾರೆ ಅತ್ತೆ. ಇನ್ನೊಂದು ಮಗು ಬೇಕೆಂಬ ಆಸೆಯಿದೆ, ಧೈರ್ಯವಿಲ್ಲ.
— ಹೆಸರು ಬೇಡ

ಉತ್ತರ: ಆ ನಾಲ್ಕು ದಿನಗಳನ್ನು ನೀವಿನ್ನೂ ಮನಸ್ಸಿನಿಂದ ಇಳಿಸಿಲ್ಲ. ಮೂಳೆ ಮುರಿದದ್ದನ್ನು ಮಕ್ಕಳು ಅತ್ತು ತಿಳಿಸುತ್ತಾರೆ. ನಿಮ್ಮ ಮಗ ಅಳಲಿಲ್ಲ, ನಿಮಗೆ ತಿಳಿಯಲಿಲ್ಲ. ಅದರಲ್ಲಿ ನಿಮ್ಮ ತಪ್ಪಿಲ್ಲ. ಆದರೆ ಆ ನಾಲ್ಕು ದಿನವೂ ಅವನು ಮನೆಯಲ್ಲಿ, ನಿಮ್ಮ ಕಣ್ಣೆದುರೂ ಓಡಾಡಿದ್ದ ಎಂಬುದನ್ನೂ ಗಮನಿಸಿ. ಅವನನ್ನು ಕಾಯುವುದು ನಾಲ್ಕು ಗೋಡೆಯಲ್ಲ, ದಿನಕ್ಕೆ ಎರಡು ಸಲ ಮೈ ನೋಡುವ ಅಭ್ಯಾಸ. ಆದ್ದರಿಂದ ಶಾಲೆಗೆ ಕಳಿಸಿ. ಎಲ್ಲವನ್ನೂ ಹೇಳಿಯೇ ಕಳಿಸಿ.

ಎನ್‌ಟಿಆರ್‌ಕೆ1 ಎಂಬ ಜೀನ್ ಕೆಟ್ಟಿರುವುದರಿಂದ ನೋವನ್ನೂ ಬಿಸಿ-ತಂಪನ್ನೂ ಒಯ್ಯುವ ಸಣ್ಣ ನರಗಳು, ಬೆವರು ಗ್ರಂಥಿಗಳನ್ನು ನಡೆಸುವ ನರಗಳು ಗರ್ಭದಲ್ಲೇ ಬೆಳೆದು ನಿಲ್ಲುವುದಿಲ್ಲ. ಮುಟ್ಟಿದ್ದನ್ನು, ಒತ್ತಿದ್ದನ್ನು ತಿಳಿಸುವ ದಪ್ಪ ನರಗಳು ಉಳಿದಿರುತ್ತವೆ. ನೀವು ಅಪ್ಪಿಕೊಂಡದ್ದು ಅವನಿಗೆ ಗೊತ್ತಾಗುತ್ತದೆ.

ಮೈ ನೋಡುವುದು ಹೇಗೆ? ಶಾಲೆಯಿಂದ ಬಂದ ಕೂಡಲೇ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಒಳ್ಳೆಯ ಬೆಳಕಿನಲ್ಲಿ. ಪ್ರತಿಸಲವೂ ಒಂದೇ ಕ್ರಮ ಇರಲಿ, ಇಲ್ಲದಿದ್ದರೆ ಒಂದಲ್ಲ ಒಂದು ಜಾಗ ತಪ್ಪಿಹೋಗುತ್ತದೆ. ಕಣ್ಣು, ತುಟಿ, ನಾಲಿಗೆಯ ಅಂಚು, ಬೆರಳ ತುದಿ, ಮೊಣಕೈ, ಬೆನ್ನು, ಮಂಡಿ, ಹಿಮ್ಮಡಿ, ಕಾಲ್ಬೆರಳ ಸಂದು. ನೋಡಿದರಷ್ಟೇ ಸಾಲದು. ನಿಮ್ಮ ಅಂಗೈಯ ಹಿಂಭಾಗವನ್ನು ಅವನ ಎರಡು ಮಂಡಿಗಳಿಗೂ ಎರಡು ಕಣಕಾಲುಗಳಿಗೂ ತಾಗಿಸಿ ಹೋಲಿಸಿ. ಒಂದು ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ಊದಿದ್ದರೆ, ಅಥವಾ ಅವನು ಒಂದು ಕಾಲನ್ನು ಬೇರೆ ರೀತಿ ಊರುತ್ತಿದ್ದರೆ ಅಂದೇ ಎಕ್ಸ್‌ರೇ ಮಾಡಿಸಿ. ಮುರಿದ ಮೂಳೆಯ ಮೇಲೆ ನಡೆದಷ್ಟೂ ಕೀಲು ಪುಡಿಯಾಗುತ್ತದೆ, ಒಮ್ಮೆ ಕೆಟ್ಟ ಕೀಲು ಮೊದಲಿನಂತಾಗುವುದು ಕಷ್ಟ. ಪ್ಲಾಸ್ಟರ್ ಹಾಕಿದಾಗಲೂ ಎಚ್ಚರ ಬೇಕು: ಒಳಗೆ ಒತ್ತಿ ಹುಣ್ಣಾದರೂ ಅವನು ಹೇಳುವುದಿಲ್ಲ. ಕೆಟ್ಟ ವಾಸನೆ, ಹೊರಗೆ ಕಲೆ, ಬೆರಳುಗಳ ಊತ ಅಥವಾ ಬಣ್ಣ ಬದಲಾವಣೆ ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಹೋಗಿ ಬಿಚ್ಚಿಸಿ ನೋಡಿಸಿ.

ಹೊಸ ಶೂ ಮೊದಲ ದಿನ ಒಂದೇ ಗಂಟೆ. ಬಿಚ್ಚಿದ ಮೇಲೆ ಅರ್ಧ ಗಂಟೆಯಾದರೂ ಕೆಂಪು ಮಾಸದಿದ್ದರೆ ಆ ಶೂ ಅವನಿಗಲ್ಲ. ದಿನವೂ ಹಾಕುವ ಮುಂಚೆ ಕೊಡವಿ, ಒಳಗೆ ಕೈಯಾಡಿಸಿ. ಸ್ನಾನಕ್ಕೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೊನೆಗೆ ಥರ್ಮಾಮೀಟರ್: 37ರಿಂದ 38 ಡಿಗ್ರಿ ಸೆಲ್ಸಿಯಸ್. ‘ಬಿಸಿ ಇದೆಯಾ?’ ಎಂದು ಅವನನ್ನು ಕೇಳುವುದರಲ್ಲಿ ಅರ್ಥವಿಲ್ಲ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ.

ನನ್ನ ಪ್ರಕಾರ ಶಾಲೆಯವರಿಗೆ ಎಲ್ಲಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದದ್ದು ಗಾಯದ ವಿಷಯವಲ್ಲ, ಸೆಕೆಯ ವಿಷಯ. ಬೆವರದ ಮೈ ಬಿಸಿಲಲ್ಲಿ ಆಡುವಾಗ ಜ್ವರವಿಲ್ಲದೆಯೇ 40 ಡಿಗ್ರಿ ದಾಟಬಹುದು. ಇಂಥ ಬಿಸಿಗೆ ಪ್ಯಾರಸಿಟಮಾಲ್ ಕೆಲಸ ಮಾಡುವುದಿಲ್ಲ. ಮಾಡಬೇಕಾದದ್ದು ಬೆವರಿನ ಕೆಲಸವನ್ನೇ: ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಸ್ಪ್ರೇ ಬಾಟಲಿಯಿಂದ ಮೈಗೆ ಉಗುರುಬೆಚ್ಚಗಿನ ನೀರು ಸಿಂಪಡಿಸಿ ಗಾಳಿ ಹಾಕುವುದು. ಅರ್ಧ ಗಂಟೆಯ ನಂತರ ಮತ್ತೆ ಅಳೆಯಲಿ. ಆಗಲೂ 38ರ ಮೇಲಿದ್ದರೆ ಸೋಂಕಿರಬಹುದು ಎಂದು ತಿಳಿದು ಅಂದೇ ವೈದ್ಯರಿಗೆ ತೋರಿಸಬೇಕು. ಮಂಪರು ಕವಿದರೆ, ತೊದಲಿದರೆ, ಫಿಟ್ಸ್ ಬಂದರೆ ಅಳೆಯುತ್ತ ಕೂರದೆ ತಂಪು ಮಾಡುತ್ತಲೇ ನೇರ ಆಸ್ಪತ್ರೆಗೆ.

ಈಗ ನಿಮ್ಮ ಯಜಮಾನರ ಭಯ. ಅದು ಸುಳ್ಳು ಭಯವಲ್ಲ, ಹಿಂಜರಿಯುವ ಶಾಲೆಗಳು ಇರುತ್ತವೆ. ಆದರೆ ಮುಚ್ಚಿಟ್ಟು ಸೇರಿಸಿದರೆ, ಬಿದ್ದರೂ ಅಳದ ಹುಡುಗನನ್ನು ಮೇಷ್ಟ್ರು ಎಬ್ಬಿಸಿ ಮತ್ತೆ ಆಡಲು ಬಿಡುತ್ತಾರೆ. ಇನ್ನೊಂದು ಅಪಾಯವೂ ಇದೆ: ಮೈಮೇಲೆ ಪದೇ ಪದೇ ಗಾಯ, ಮುರಿತ ಕಂಡ ಹೊರಗಿನವರು ಮನೆಯಲ್ಲೇ ಮಗುವನ್ನು ಹೊಡೆಯುತ್ತಾರೆ ಎಂದುಕೊಳ್ಳುತ್ತಾರೆ. ಕಾಯಿಲೆಯ ಹೆಸರು, ಜೀನ್ ವರದಿಯ ಸಾರ ಇರುವ ವೈದ್ಯರ ಪತ್ರವೊಂದು ಶಾಲೆಯಲ್ಲಿ, ಒಂದು ನಿಮ್ಮ ಚೀಲದಲ್ಲಿ ಸದಾ ಇರಲಿ. ಅದರ ಜೊತೆಗೆ ಒಂದೇ ಪುಟದ ಸೂಚನೆ ಬರೆದುಕೊಡಿ: ಬಿದ್ದರೆ ಅವನು ಏನಿಲ್ಲ ಎಂದರೂ ಎಬ್ಬಿಸಿ ನಡೆಸಬೇಡಿ, ಊತ ನೋಡಿ, ನಮಗೆ ಫೋನ್ ಮಾಡಿ, ಆಟದ ನಡುವೆ ಪ್ರತಿ 15 ನಿಮಿಷಕ್ಕೆ ನೆರಳು, ನೀರು, ಮೈ ಬಿಸಿಯಾದರೆ ಹೀಗೆ ಮಾಡಿ. ಸ್ಪ್ರೇ ಬಾಟಲಿ, ಥರ್ಮಾಮೀಟರ್ ನೀವೇ ಕೊಡಿ. ‘ನೋಡಿ, ಇಷ್ಟು ಮಾಡಿದರೆ ಸಾಕು’ ಎಂದು ಕೈಗಿತ್ತರೆ ಒಪ್ಪುವವರು ಹೆಚ್ಚು.

ಅವನನ್ನು ‘ಧೈರ್ಯವಂತ’ ಎಂದು ಯಾರೂ ಹೊಗಳದಿರಲಿ. ದಯವಿಟ್ಟು ಇದನ್ನು ಮನೆಯವರಿಗೆಲ್ಲ ಹೇಳಿ. ಈ ಹೊಗಳಿಕೆಯ ಆಸೆಗೆ ಮಕ್ಕಳು ಗೆಳೆಯರೆದುರು ಮೇಲಿನಿಂದ ಹಾರುತ್ತಾರೆ, ಕೈ ಚುಚ್ಚಿಕೊಂಡು ತೋರಿಸುತ್ತಾರೆ. ರಕ್ತ, ಊತ, ಕೆಂಪು, ಬೊಬ್ಬೆ ಕಂಡ ಕೂಡಲೇ ಬಂದು ಹೇಳಿದಾಗ ಮಾತ್ರ ಬೆನ್ನು ತಟ್ಟಿ.

ನಾಲಿಗೆ, ತುಟಿ ಕಚ್ಚಿಕೊಳ್ಳುತ್ತಿದ್ದರೆ ಹಲ್ಲಿನ ಚೂಪು ಅಂಚನ್ನು ದಂತವೈದ್ಯರು ಉಜ್ಜಿ ನುಣುಪು ಮಾಡುತ್ತಾರೆ, ಮೆತ್ತನೆಯ ಗಾರ್ಡ್ ಮಾಡಿಕೊಡುತ್ತಾರೆ. ಕಣ್ಣು ಕೆಂಪಾದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಹೊಟ್ಟೆಯೊಳಗಿನ ನೋವೂ ಅವನಿಗೆ ತಿಳಿಯದು. ಊಟ ಬಿಟ್ಟು, ವಾಂತಿ ಮಾಡಿಕೊಂಡು, ಸಪ್ಪಗೆ ಮಲಗಿದ್ದರೆ, ಹೊಟ್ಟೆ ಒತ್ತಿದಾಗ ನೋವಿಲ್ಲವೆಂದ ಮಾತ್ರಕ್ಕೆ ಅಪೆಂಡಿಕ್ಸ್ ಅಲ್ಲ ಎಂದು ತೀರ್ಮಾನಿಸುವಂತಿಲ್ಲ, ಸ್ಕ್ಯಾನ್ ಕೇಳಿ. ಆಪರೇಷನ್ ಯಾವುದೇ ಇರಲಿ, ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ. ಮೈಯ ಬಿಸಿಯನ್ನು ಅವರು ಉದ್ದಕ್ಕೂ ಗಮನಿಸಬೇಕಾಗುತ್ತದೆ.

ನಿಮ್ಮ ಅತ್ತೆಯವರ ಮಾತಿಗೆ ವರದಿಯೇ ಉತ್ತರ. ಆ ಜೀನಿನ ಕೆಟ್ಟ ಪ್ರತಿ ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಸೇರಿದರೆ ಮಾತ್ರ ಈ ಕಾಯಿಲೆ ಬರುತ್ತದೆ. ಒಂದೇ ಪ್ರತಿ ಇರುವವರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಹಾಗಾಗಿ ಎರಡೂ ಮನೆಗಳಲ್ಲಿ ಯಾರಿಗೂ ಇದರ ಸುಳಿವಿರಲಿಕ್ಕಿಲ್ಲ. ಈ ಮಾತನ್ನು ನೀವಲ್ಲ, ಅವರ ಮಗ ಹೇಳಲಿ.

ಅದೇ ಲೆಕ್ಕದಲ್ಲಿ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಇದೇ ಕಾಯಿಲೆ ಬರುವ ಸಂಭವ. ಮೊದಲ ಮಗುವಿಗೆ ಬಂದಿದೆಯೆಂದು ಮುಂದಿನ ಮೂರಕ್ಕೆ ವಿನಾಯಿತಿಯಿಲ್ಲ. ಗರ್ಭ ನಿಲ್ಲುವ ಮುಂಚೆಯೇ ಮಗನ ವರದಿ ಹಿಡಿದು ಇಬ್ಬರೂ ಅನುವಂಶೀಯ ಸಲಹೆಗಾರರನ್ನು ಕಂಡು, ನಿಮ್ಮಿಬ್ಬರ ರಕ್ತದಲ್ಲೂ ಅದೇ ಜೀನ್ ದೋಷಗಳನ್ನು ದೃಢಪಡಿಸಿಕೊಳ್ಳಿ. ಆಗ ಮಾತ್ರ 11ರಿಂದ 13ನೇ ವಾರದಲ್ಲಿ ಮಾಸಿನ ತುಣುಕಿನಿಂದ, ಇಲ್ಲವೇ 15ನೇ ವಾರದ ನಂತರ ಗರ್ಭದ ನೀರಿನಿಂದ ಪರೀಕ್ಷಿಸಿ ನೋಡಬಹುದು. ಕಾಯಿಲೆ ಇದೆ ಎಂದು ಫಲಿತಾಂಶ ಬಂದರೆ ಏನು ಮಾಡುತ್ತೀರಿ ಎಂಬುದನ್ನು ಪರೀಕ್ಷೆಗೆ ಹೋಗುವ ಮೊದಲೇ ನೀವಿಬ್ಬರೇ ಕೂತು ಮಾತಾಡಿ. ರಾತ್ರಿಯ ಮೈ ತಪಾಸಣೆಯನ್ನು ಇವತ್ತಿನಿಂದಲೇ ನಿಮ್ಮ ಯಜಮಾನರಿಗೆ ಒಪ್ಪಿಸಿ.